ತೇಗದ ಎಲೆ ಬೋಳಿಸುವ ಪುಟ್ಟ ಪತಂಗ

ತೇಗದ ಮರಗಳ ಎಲೆಗಳನ್ನು ತಿಂದು ಬರಿದು ಮಾಡುವ ಕಂಬಳಿಹುಳದ ಪ್ರೌಢ ರೂಪವೇ ಹಿಬ್ಲಿಯಾ ಪ್ಯೂರಾ ಎಂಬ ಪುಟ್ಟ ಪತಂಗ. ಹಿಬ್ಲಿಯಿಡೇ ಕುಟುಂಬಕ್ಕೆ ಸೇರಿದ ಇದನ್ನು 1777ರಲ್ಲಿ ಡಚ್ ಕೀಟತಜ್ಞ ಪೀಟರ್ ಕ್ರೇಮರ್ ವಿವರಿಸಿದರು.

ರೆಕ್ಕೆ ಬಿಚ್ಚಿದಾಗ ಇದರ ಅಗಲ ಸುಮಾರು 3ರಿಂದ 4 ಸೆಂ.ಮೀ. ಮುಂದಿನ ರೆಕ್ಕೆಗಳ ಬಣ್ಣ ಬೂದುಮಿಶ್ರಿತ ಕಂದು. ಕಪ್ಪು ಬಣ್ಣದ ಹಿಂದಿನ ರೆಕ್ಕೆಗಳ ಮೇಲೆ ಕಿತ್ತಳೆ-ಹಳದಿ ಪಟ್ಟೆಗಳಿವೆ. ಕುಳಿತಾಗ ಮುಂದಿನ ರೆಕ್ಕೆಗಳು ಇವನ್ನು ಮುಚ್ಚುವುದರಿಂದ ಪತಂಗ ಒಣಗಿದ ಎಲೆಯಂತೆ ಕಾಣುತ್ತದೆ.

ಭಾರತ ಮತ್ತು ಆಗ್ನೇಯ ಏಷ್ಯಾ ಮಾತ್ರವಲ್ಲದೆ ಆಸ್ಟ್ರೇಲಿಯಾ, ಆಫ್ರಿಕಾ ಹಾಗೂ ಮಧ್ಯ ಅಮೆರಿಕದಲ್ಲೂ ಇದು ಕಂಡುಬರುತ್ತದೆ. ಕೇರಳ, ಕರ್ನಾಟಕದ ತೇಗದ ನೆಡುತೋಪುಗಳಲ್ಲಿ ಇದರ ಹಾವಳಿ ಹಳೆಯದು. ತೇಗವಷ್ಟೇ ಇದರ ಆಹಾರವಲ್ಲ. ಕೊಚ್ಚಿಯ ವಲ್ಲಾರ್‌ಪಾಡಂ, ವೈಪಿನ್ ದ್ವೀಪಗಳ ಕಾಂಡ್ಲಾ ಕಾಡುಗಳಲ್ಲಿ ಬೆಳೆಯುವ ಅವಿಸೀನಿಯಾ ಜಾತಿಯ ಮರಗಳ ಎಲೆಯನ್ನೂ ಇದರ ಹುಳು ತಿನ್ನಬಲ್ಲದು.

ಮುಂಗಾರು ಪೂರ್ವ ಮಳೆ ಬಿದ್ದು ತೇಗ ಚಿಗುರುವ ಹೊತ್ತಿಗೆ ಹೆಣ್ಣು ಪತಂಗ ಎಳೆ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಹುಳು ಸ್ವಲ್ಪ ಬೆಳೆದ ಮೇಲೆ ಎಲೆಯ ಅಂಚನ್ನು ಕತ್ತರಿಸಿ, ಮಡಚಿ, ರೇಷ್ಮೆಯಂಥ ನೂಲಿನಿಂದ ಅಂಟಿಸಿಕೊಂಡು ಒಳಗೆ ಅಡಗುತ್ತದೆ. ಅಲ್ಲಿಂದಲೇ ಹೊರಬಂದು ಎಲೆ ತಿನ್ನುತ್ತದೆ. ಕೊನೆಗೆ ಉಳಿಯುವುದು ದಪ್ಪ ನರಗಳು ಮಾತ್ರ. ಬಲಿತ ಹುಳು ನೂಲಿನ ಎಳೆ ಹಿಡಿದು ನೆಲಕ್ಕಿಳಿದು ತರಗೆಲೆಗಳ ನಡುವೆ ಕೋಶವಾಗುತ್ತದೆ. ಅನುಕೂಲ ಹವೆಯಲ್ಲಿ ಮೊಟ್ಟೆಯಿಂದ ಪತಂಗವಾಗಲು ಮೂರು ವಾರಗಳಷ್ಟೇ ಸಾಕು. ಹೀಗಾಗಿ ಒಂದೇ ಋತುವಿನಲ್ಲಿ ಹಲವು ಪೀಳಿಗೆಗಳು ಹುಟ್ಟುತ್ತವೆ.

ಎಲೆ ಕಳೆದುಕೊಂಡ ಮರ ಸಾಮಾನ್ಯವಾಗಿ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಕಾಂಡ ದಪ್ಪವಾಗಲು ಬೇಕಿದ್ದ ಶಕ್ತಿ ಹೊಸ ಎಲೆಗೆ ಖರ್ಚಾಗುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಿಲಂಬೂರಿನ ಎಳೆಯ ನೆಡುತೋಪುಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಈ ಹಾವಳಿಯಿಂದ ಮರದ ವಾರ್ಷಿಕ ಬೆಳವಣಿಗೆ ಶೇ. 44ರಷ್ಟು ಕುಂಠಿತವಾಗಿದ್ದು ಕಂಡುಬಂತು. ನಾಟಾಕ್ಕಾಗಿ ದಶಕಗಳ ಕಾಲ ಕಾಯುವ ಬೆಳೆಗಾರನಿಗೆ ಇದು ಕಣ್ಣಿಗೆ ಕಾಣದ ನಷ್ಟ.

ಎತ್ತರದ ಮರಗಳಿಗೆ ಕೀಟನಾಶಕ ಸಿಂಪಡಿಸುವುದು ದುಬಾರಿ; ಜೇನುನೊಣ, ಹಕ್ಕಿಗಳಿಗೂ ಅಪಾಯ. ಇದಕ್ಕೆ ಬದಲಾಗಿ ವಿಜ್ಞಾನಿಗಳು ಈ ಹುಳಕ್ಕೆ ರೋಗ ತರುವ, ಎನ್‌ಪಿವಿ ಎಂಬ ವೈರಸ್ಸನ್ನು ಬಳಸುವ ವಿಧಾನ ರೂಪಿಸಿದ್ದಾರೆ. ಹುಳುಗಳು ಎಳೆಯದಾಗಿದ್ದಾಗಲೇ ಸಿಂಪಡಿಸಿದರೆ ಇದು ಹೆಚ್ಚು ಪರಿಣಾಮಕಾರಿ. ಆದ್ದರಿಂದ ಮೊದಲ ಮಳೆಯ ನಂತರ ಚಿಗುರುಗಳ ಮೇಲೆ ಕಣ್ಣಿಡುವುದು ಮುಖ್ಯ.