ಕಪ್ಪಿಗೊಂದು ಲೆಕ್ಕ

ನೆಗೆಟಿವ್ ಎಷ್ಟು ಕಪ್ಪಾಗಿದೆ ಎಂದು ಅಳೆಯಲು ಮೇಜಿನ ಮೇಲಿನ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಹಿಡಿದರೆ ಮೂಗು ಮುರಿಯುವವರುಂಟು. ಅದಕ್ಕೆ ಡೆನ್ಸಿಟೋಮೀಟರ್ ಎಂಬ ಯಂತ್ರವೇ ಇದೆಯಲ್ಲ ಎನ್ನುತ್ತಾರೆ. ಆದರೆ ಈ ಅಳತೆ ಹುಟ್ಟಿದ್ದೇ ಕೈಗೆ ಸಿಕ್ಕ ಸಾಮಾನಿನಿಂದ. 1890ರಲ್ಲಿ ಈ ಕಪ್ಪಿಗೆ, ಅಂದರೆ ಸಾಂದ್ರತೆಗೆ, ಲೆಕ್ಕ ಕೊಟ್ಟ ಫರ್ಡಿನಾಂಡ್ ಹರ್ಟರ್ ಮತ್ತು ವೆರೋ ಡ್ರಿಫೀಲ್ಡ್ ಇಂಗ್ಲೆಂಡಿನ ವಿಡ್ನೆಸ್‌ನ ಕ್ಷಾರ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಒಬ್ಬ ಸ್ವಿಸ್ ಮೂಲದ ರಸಾಯನವಿಜ್ಞಾನಿ, ಇನ್ನೊಬ್ಬ ಎಂಜಿನಿಯರ್. ಫೋಟೋ ಇಬ್ಬರಿಗೂ ಹವ್ಯಾಸ. ಅವರ ಸಾಧನ ಇಷ್ಟೇ: ಎರಡು ದೀಪಗಳ ನಡುವೆ ಜಿಡ್ಡಿನ ಚುಕ್ಕೆಯಿರುವ ಕಾಗದ, ಒಂದು ದೀಪಕ್ಕೆ ಅಡ್ಡಲಾಗಿ ನೆಗೆಟಿವ್. ಎರಡೂ ಕಡೆಯ ಬೆಳಕು ಸಮನಾಗಿ ಚುಕ್ಕೆ ಮಾಯವಾದ ಜಾಗದ ದೂರವೇ ಉತ್ತರ. ಬಿದ್ದ ಬೆಳಕಿನಲ್ಲಿ ಹತ್ತನೇ ಒಂದು ಪಾಲು ದಾಟಿದರೆ ಸಾಂದ್ರತೆ 1, ನೂರನೇ ಒಂದಾದರೆ 2, ಅರ್ಧವಾದರೆ 0.3. ಲಾಗರಿದಮ್ ಹಿಡಿದದ್ದು ಸುಮ್ಮನಲ್ಲ: ಹೀಗೆ ಬಂದ ಅಂಕಿ ಫಲಕದಲ್ಲುಳಿದ ಬೆಳ್ಳಿಯ ತೂಕಕ್ಕೆ ಹೊಂದುತ್ತಿತ್ತು.

ಅಂದರೆ ಸಾಂದ್ರತೆ ಮೊದಲಿನಿಂದಲೂ ಹೋಲಿಕೆಯ ಅಂಕಿ. ಹೋಲಿಸುವ ಅಳತೆಗೋಲು ಗಟ್ಟಿಯಾಗಿದ್ದರೆ ಸಾಕು. ಸ್ಕ್ಯಾನರಿಗೆ ಆ ಗೋಲು ಸ್ಟೆಪ್ ಟ್ಯಾಬ್ಲೆಟ್: ತಲಾ 0.15 ಏರುವ 21 ಮೆಟ್ಟಿಲುಗಳ ಫಿಲ್ಮ್ ಪಟ್ಟಿ. ಸಾಫ್ಟ್‌ವೇರಿನ ತಾನೇ ತಿದ್ದುವ ಚಾಳಿಯನ್ನೆಲ್ಲ ನಿಲ್ಲಿಸಿ, ಪಟ್ಟಿಯನ್ನು ನೆಗೆಟಿವ್ ಜೊತೆಗೇ ಸ್ಕ್ಯಾನ್ ಮಾಡಿದರೆ ಯಾವ ಮೆಟ್ಟಿಲಿಗೆ ಯಾವ ಅಂಕಿ ಎಂಬ ಕೋಷ್ಟಕ ಸಿದ್ಧ. ಬೆಳಕು ಸೋರುತ್ತದಲ್ಲ ಎಂಬ ಆಕ್ಷೇಪ ಮಾತ್ರ ನಿಜವಾದದ್ದು. ತಿಳಿಯಾದ ಭಾಗದ ಬೆಳಕು ಗಾಜಿನೊಳಗೆ ಚದುರಿ ಪಕ್ಕದ ಕಪ್ಪನ್ನು ತೆಳುವಾಗಿಸುತ್ತದೆ. ಸುತ್ತ ಕಪ್ಪು ಕಾಗದ ಮುಚ್ಚಿದರೂ ಪೂರ್ತಿ ಹೋಗದು. 16 ಬಿಟ್ ಎಂದರೆ ಲೆಕ್ಕದಲ್ಲಿ 4.8ರವರೆಗೆ ಅಳೆಯಬಹುದು, ಆದರೆ ಅದು ಕಾಗದದ ಮೇಲಿನ ಮಾತು. ಸುಮಾರು 2.5 ದಾಟಿದ ಅಂಕಿಯನ್ನು ನಂಬದಿರುವುದೇ ಲೇಸು. ಹಾಗೆಂದು ಸ್ಕ್ಯಾನರನ್ನೇ ಬದಿಗಿಡಬೇಕಿಲ್ಲ: ಸರಿಯಾಗಿ ತೊಳೆದ ಸಾಮಾನ್ಯ ಕಪ್ಪು-ಬಿಳುಪು ನೆಗೆಟಿವ್ 2ರ ಆಚೆ ಹೋಗುವುದು ಅಪರೂಪ.

‘ನಿಜವಾದ’ ಸಾಂದ್ರತೆ ಬೇಕೆನ್ನುವವರಿಗೆ ಆಂದ್ರೆ ಕಾಲಿಯೆ 1909ರಲ್ಲೇ ತೋರಿಸಿಕೊಟ್ಟ ಸಂಗತಿ ಉತ್ತರ: ಒಂದೇ ಬೆಳ್ಳಿಯ ನೆಗೆಟಿವ್ ಚದುರಿದ ಬೆಳಕಿನಲ್ಲಿ ಒಂದು ಅಂಕಿ, ನೇರ ಬೆಳಕಿನಲ್ಲಿ ಅದಕ್ಕಿಂತ ದೊಡ್ಡ ಅಂಕಿ ಕೊಡುತ್ತದೆ. ದುಬಾರಿ ಯಂತ್ರವೂ ಇದರಿಂದ ತಪ್ಪಿಸಿಕೊಳ್ಳದು. ಇಂದು ಕ್ಯಾನ್ಸರ್ ಚಿಕಿತ್ಸೆಯ ವಿಕಿರಣದ ಪ್ರಮಾಣ ಪರೀಕ್ಷಿಸಲು ಭೌತವಿಜ್ಞಾನಿಗಳು ವಿಕಿರಣ ತಾಗಿದರೆ ಬಣ್ಣ ಬದಲಿಸುವ ರೇಡಿಯೋಕ್ರೋಮಿಕ್ ಫಿಲ್ಮನ್ನು ಫ್ಲ್ಯಾಟ್‌ಬೆಡ್ ಮೇಲೆಯೇ ಓದುತ್ತಾರೆ. ಫಿಲ್ಮ್ ತಿರುಗಿದರೆ ಅಥವಾ ಗಾಜಿನ ಅಂಚಿಗೆ ಸರಿದರೆ ಅಂಕಿ ಬದಲಾಗುತ್ತದೆಂದು ಬಲ್ಲ ಅವರು ಪ್ರತಿ ಸಲವೂ ನಡುಮಧ್ಯದಲ್ಲಿ, ಒಂದೇ ದಿಕ್ಕಿಗೆ ಇಡುತ್ತಾರೆ.