ಭಾನುವಾರದ ಹನಿ, ಗುರುವಾರದ ಸೂಜಿ

ಪೋಲಿಯೊ ಹೋದ ಕಥೆಯನ್ನು ಈಗ ಯಾರೇ ಹೇಳಲಿ, ಭಾನುವಾರದ ಕಥೆಯನ್ನಾಗಿ ಹೇಳುತ್ತಾರೆ. ಬೂತು, ಬ್ಯಾನರು, ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಕಾರಟಗಿ ಸುತ್ತಲಿನ ಹಳ್ಳಿ, ಕ್ಯಾಂಪುಗಳಲ್ಲಿ ಮೂರು ದಶಕ ಲಸಿಕೆ ಡಬ್ಬಿ ಹೊತ್ತು ತಿರುಗಿದ ನನಗೆ ಇದು ಅರ್ಧ ಕಥೆ. ಈ ಅರ್ಧ ಕಥೆಯಿಂದ ಆಗುತ್ತಿರುವ ಹಾನಿಯನ್ನೂ ಕಂಡಿದ್ದೇನೆ. ಗುರುವಾರ ಅಂಗನವಾಡಿಗೆ ಲಸಿಕೆಗೆ ಕರೆದರೆ, ‘ಮೊನ್ನೆ ಹನಿ ಹಾಕ್ಸೀವಲ್ರಿ, ಮತ್ಯಾಕ ಸೂಜಿ?’ ಎನ್ನುವ ತಾಯಂದಿರು ಇಂದಿಗೂ ಇದ್ದಾರೆ.

ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪೋಲಿಯೊಗೆ ಕಾರಣ ವೈರಸ್ ಎಂದು ಗೊತ್ತಾದದ್ದು 1908ರಲ್ಲಿ. ಸಾಕ್ ಅವರ ಸೂಜಿ ಲಸಿಕೆ 1955ರಲ್ಲಿ ಬಂತು, ಸೇಬಿನ್ ಅವರ ಬಾಯಿ ಹನಿ 1960ರ ದಶಕದ ಆರಂಭದಲ್ಲಿ. ನಮ್ಮ ದೇಶದಲ್ಲಿ ಲಸಿಕಾ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. ಮರುವರ್ಷ ಪೋಲಿಯೊ ಹನಿ ಸೇರಿತು. 1985ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು.

ನಾನು ಕೆಲಸಕ್ಕೆ ಸೇರಿದ ಹೊತ್ತಿಗೆ ಪ್ರತಿ ಊರಿನಲ್ಲೂ ಕಾಲೆಳೆದುಕೊಂಡು ನಡೆಯುವ ಒಂದಿಬ್ಬರು ಮಕ್ಕಳಿದ್ದರು. ಮನೆಯವರನ್ನು ಕೇಳಿದರೆ ಬಹುತೇಕ ಒಂದೇ ಉತ್ತರ: ‘ಜ್ವರಾ ಬಂದಿತ್ರಿ, ಸೂಜಿ ಮಾಡ್ಸಿದ್ವಿ, ಮರುದಿನ ಕಾಲು ಹೋತು.’ ಇದನ್ನು ಮೂಢನಂಬಿಕೆ ಎಂದು ನಾವು ತಳ್ಳಿಹಾಕಿದೆವು. ಅದು ನಮ್ಮ ತಪ್ಪು. ಪೋಲಿಯೊ ವೈರಸ್ ಒಳಗಿರುವಾಗ ಜ್ವರಕ್ಕೆಂದು ಚುಚ್ಚಿದ ಕಾಲಿಗೇ ಪಾರ್ಶ್ವವಾಯು ಬಡಿಯುವ ಸಂಭವ ಹೆಚ್ಚು ಎಂದು ವೈದ್ಯಶಾಸ್ತ್ರ ಬಹಳ ಹಿಂದೆಯೇ ಕಂಡುಕೊಂಡಿತ್ತು. ತಾಯಂದಿರು ಕಂಡದ್ದು ನಿಜ. ಆದರೆ ಮೂಲ ಕಾರಣ ವೈರಸ್. ಜ್ವರದ ಇಂಜೆಕ್ಷನ್ ಬೇರೆ, ಲಸಿಕೆಯ ಸೂಜಿ ಬೇರೆ ಎಂದು ಆಗಲೇ ಕೂತು ಬಿಡಿಸಿ ಹೇಳಿದ್ದರೆ, ಸೂಜಿಯ ಭಯ ಮುಂದಿನ ತಲೆಮಾರಿಗೆ ದಾಟುತ್ತಿರಲಿಲ್ಲ.

ಈ ಕ್ಷೇತ್ರದಲ್ಲಿ ನಾನು ಗುರುವೆಂದು ಭಾವಿಸುವುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್ ಅವರನ್ನು. ಮೂರು ಸಲ ಹನಿ ಹಾಕಿದರೆ ಪಾಶ್ಚಾತ್ಯ ದೇಶಗಳ ಮಕ್ಕಳಲ್ಲಿ ಬರುವಷ್ಟು ರೋಗನಿರೋಧಕ ಶಕ್ತಿ ನಮ್ಮ ಮಕ್ಕಳಲ್ಲಿ ಬರುವುದಿಲ್ಲ ಎಂದು 1970ರ ದಶಕದಲ್ಲೇ ಅವರು ತೋರಿಸಿಕೊಟ್ಟರು. ಒಂದೇ ದಿನ ಊರಿನ ಎಲ್ಲ ಮಕ್ಕಳಿಗೂ ಹನಿ ಹಾಕುವ ಪದ್ಧತಿಯನ್ನು ವೆಲ್ಲೂರಿನಲ್ಲಿ ಮಾಡಿ ನೋಡಿದವರೂ ಅವರೇ. ಸೂಜಿಯ ಪೋಲಿಯೊ ಲಸಿಕೆಯೂ ಬೇಕೆಂದು ಅವರು ವಾದಿಸುತ್ತಲೇ ಇದ್ದರು. ದೇಶ ಅದನ್ನು ಜಾರಿಗೆ ತಂದದ್ದು 2015ರ ನವೆಂಬರ್‌ನಲ್ಲಿ. ಇಷ್ಟು ತಡವಾಗಬಾರದಿತ್ತು.

1995ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭವಾಯಿತು. ಅದರ ಸಂಭ್ರಮ ಎಲ್ಲರಿಗೂ ನೆನಪಿದೆ. ಭತ್ತದ ನಾಟಿಗೆ ಹೊರಟ ಹೆಂಗಸರನ್ನು ಬೆಳಗಿನ ಜಾವ ಕಾಲುವೆ ದಂಡೆಯಲ್ಲೇ ನಿಲ್ಲಿಸಿ ಕಂಕುಳ ಕೂಸಿಗೆ ಹನಿ ಹಾಕಿದ್ದೇವೆ. ರೈಸ್ ಮಿಲ್ಲಿನ ಹಮಾಲರ ಗುಡಿಸಲು, ಇಟ್ಟಂಗಿ ಭಟ್ಟಿ, ಕುರಿಹಟ್ಟಿ ಸುತ್ತಿದ್ದೇವೆ. ಆದರೆ ರೋಗವನ್ನು ಹಿಡಿದದ್ದು 1997ರಲ್ಲಿ ಶುರುವಾದ ಇನ್ನೊಂದು ಕೆಲಸ. ಅದಕ್ಕೆ ಬ್ಯಾನರು ಇರಲಿಲ್ಲ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಯೋ ಕಾಲೋ ಏಕಾಏಕಿ ಜೋಲು ಬಿದ್ದರೂ, ಕಾರಣ ಏನೇ ಇರಲಿ, ವರದಿ ಮಾಡಬೇಕು. ಹದಿನಾಲ್ಕು ದಿನದೊಳಗೆ, ಇಪ್ಪತ್ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆದು, ಐಸ್‌ನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಅರವತ್ತು ದಿನವಾದ ಮೇಲೆ ಮತ್ತೆ ಹೋಗಿ ಆ ಕಾಲನ್ನು ನೋಡಬೇಕು. ಸೋಂಕು ತಗುಲಿದ ಸುಮಾರು ಇನ್ನೂರು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಆಗುವುದರಿಂದ, ಒಂದು ಸೋತ ಕಾಲಿನ ಹಿಂದೆ ಊರಿಗೆ ಊರೇ ಇರಬಹುದು.

2003 ನಮಗೆ ಪಾಠ ಕಲಿಸಿತು. ಪೋಲಿಯೊ ಉತ್ತರ ಪ್ರದೇಶ, ಬಿಹಾರಗಳ ತಲೆನೋವು, ನಮ್ಮದಲ್ಲ ಎಂದು ನಿರಾಳವಾಗಿದ್ದ ಕರ್ನಾಟಕದಲ್ಲಿ ಆ ವರ್ಷ 36 ಪ್ರಕರಣ ಕಂಡುಬಂದವು. ವಾಡಿಕೆಯ ಲಸಿಕೆ ಎಲ್ಲಿ ತಪ್ಪಿತ್ತೋ ಅಲ್ಲಿ ವೈರಸ್ ಹೊಕ್ಕಿತು. ರಾಜ್ಯದಲ್ಲಿ ಕೊನೆಯ ಪ್ರಕರಣ 2007ರದ್ದು. ದೇಶದ ಕೊನೆಯದು 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹಾವಡಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಹೊತ್ತಿನ ಭಾಷಣಗಳಲ್ಲಿ ಬಿಸಿಲಲ್ಲಿ ಡಬ್ಬಿ ಹೊತ್ತ ಸಿಸ್ಟರುಗಳು, ಆಶಾ, ಅಂಗನವಾಡಿಯವರ ಪ್ರಸ್ತಾಪ ಒಂದು ಸಾಲನ್ನು ಮೀರಲಿಲ್ಲ. ಅವರ ಅನುಭವವನ್ನು ನಮ್ಮ ಜಿಲ್ಲೆಯಲ್ಲಾದರೂ ಯಾರಾದರೂ ಕೂತು ಬರೆದುಕೊಳ್ಳಬೇಕು.

ಇನ್ನು ಗುಳೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಹೋಗುವ ಕುಟುಂಬಗಳ ಕೂಸುಗಳು ಊರಿನ ಪಟ್ಟಿಯಲ್ಲಿ ‘ಊರಲ್ಲಿಲ್ಲ’, ಹೋದ ಕಡೆ ಪಟ್ಟಿಯಲ್ಲೇ ಇಲ್ಲ. ಭಾನುವಾರದ ಹನಿ ಬಸ್ ನಿಲ್ದಾಣದಲ್ಲಾದರೂ ಸಿಗುತ್ತದೆ. ಗುರುವಾರದ ಲಸಿಕೆ ಸಿಗುವುದಿಲ್ಲ. ಹುಟ್ಟಿದಾಗಿನ ಹನಿ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಹನಿ, ಒಂದೂವರೆ ಮತ್ತು ಮೂರೂವರೆ ತಿಂಗಳಿಗೆ ತೋಳಿಗೆ ಹಾಕುವ ಪೋಲಿಯೊ ಸೂಜಿ, 2023ರಿಂದ ಸೇರಿದ ಒಂಬತ್ತು ತಿಂಗಳಿನದು, ಒಂದೂವರೆ ವರ್ಷದ ಬೂಸ್ಟರ್: ಇಷ್ಟೂ ಆದರೇ ಮಗುವಿಗೆ ಪೂರ್ತಿ ರಕ್ಷಣೆ. ದಡಾರ, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ ಸಿಗುವುದೂ ಇದೇ ಸರದಿಯಲ್ಲಿ. ಪಲ್ಸ್ ಪೋಲಿಯೊ ಬೂತಿನಲ್ಲಲ್ಲ.

ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಪೋಲಿಯೊ ಇಂದಿಗೂ ಇದೆ; ಅಲ್ಲಿಂದ ವೈರಸ್ ಮತ್ತೆ ನಮ್ಮಲ್ಲಿಗೆ ಬರಬಹುದು. ಆದ್ದರಿಂದ ಗುಳೆ ಹೊರಡುವವರು ರೊಟ್ಟಿಗಂಟಿನ ಜೊತೆ ತಾಯಿ ಕಾರ್ಡನ್ನೂ ಕಟ್ಟಿಕೊಳ್ಳಿ. ಅದನ್ನು ತೋರಿಸಿದರೆ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಲಸಿಕೆ ಉಚಿತ. ಒಂದು ಸರದಿ ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ನಿನ್ನೆ ಓಡಾಡಿದ ಮಗು ಇಂದು ಕಾಲೂರದಿದ್ದರೆ, ‘ನಾಳೆ ನೋಡೋಣ’ ಎನ್ನದೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ.