ಕಾರ್ಮೆಲ್ ಬೆಟ್ಟದ ಪಿರಮಿಡ್ಡು ಮತ್ತು ಟಿಪ್ಪುವಿಗೆ ತಲುಪದ ಪತ್ರ

ಹೈಫಾ ಇಸ್ರೇಲಿನ ಉತ್ತರ ಭಾಗದ ಬಂದರು ನಗರ. ನಗರದ ಬೆನ್ನಿಗೆ ಕಾರ್ಮೆಲ್ ಬೆಟ್ಟ. ಅರಬರು ಇದನ್ನು ಮಾರ್ ಇಲ್ಯಾಸ್ ಬೆಟ್ಟ ಎನ್ನುತ್ತಾರೆ. ಕುರ್‌ಆನಿನಲ್ಲಿ ಹೆಸರಿರುವ ಪ್ರವಾದಿ ಇಲ್ಯಾಸ್(ಅ)ರ ಗುಹೆ ಎಂದು ನಂಬಲಾದ ಜಾಗದ ಮೇಲೆ ಸ್ಟೆಲ್ಲಾ ಮಾರಿಸ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠವಿದೆ. ನಾವು ಅಲ್ಲಿಗೆ ಹೋದದ್ದು ಮಠದ ಮುಂದಿನ ತೋಟದಲ್ಲಿರುವ ಒಂದು ಸಣ್ಣ ಕಲ್ಲಿನ ಪಿರಮಿಡ್ಡನ್ನು ನೋಡಲಿಕ್ಕಾಗಿ. ಅದರ ತುದಿಯಲ್ಲಿ ಕಬ್ಬಿಣದ ಶಿಲುಬೆ. ಅಡಿಯಲ್ಲಿ 1799ರಲ್ಲಿ ಸತ್ತ ನೆಪೋಲಿಯನ್ನನ ಸೈನಿಕರ ಮೂಳೆಗಳು. ಕೆಳಗೆ ಬಂದರು, ಕೊಲ್ಲಿಯ ಆಚೆ ದಡದಲ್ಲಿ ಅಕ್ಕಾ ಪಟ್ಟಣ.

ಆ ಅಕ್ಕಾವನ್ನು ಹಿಡಿಯಲೆಂದೇ ಇವರು ಬಂದಿದ್ದರು. 1799ರ ಮಾರ್ಚ್ 18ರಿಂದ ಮೇ 20ರವರೆಗೆ ಮುತ್ತಿಗೆ ನಡೆಯಿತು. ಕೋಟೆ ಒಡೆಯುವ ದೊಡ್ಡ ಫಿರಂಗಿಗಳು ಹಡಗಿನಲ್ಲಿ ಬರುತ್ತಿದ್ದವು. ಅವನ್ನು ಇಂಗ್ಲಿಷ್ ನೌಕಾಧಿಕಾರಿ ಸಿಡ್ನಿ ಸ್ಮಿತ್ ಕಡಲಲ್ಲೇ ವಶಪಡಿಸಿಕೊಂಡ. ಒಳಗಿದ್ದವನು ಉಸ್ಮಾನಿಯಾ ಗವರ್ನರ್ ಅಹ್ಮದ್ ಪಾಶಾ. ಕ್ರೌರ್ಯಕ್ಕಾಗಿ ಜನ ಅವನನ್ನು 'ಜಝ್ಝಾರ್', ಅಂದರೆ ಕಟುಕ ಎಂದೇ ಕರೆಯುತ್ತಿದ್ದರು. ಅವನ ಪಕ್ಕದಲ್ಲಿ ಯಹೂದಿ ಸಲಹೆಗಾರ ಹಯೀಮ್ ಫರ್ಹಿ, ನೆಪೋಲಿಯನ್ನನ ಸಹಪಾಠಿಯೇ ಆಗಿದ್ದ ಫ್ರೆಂಚ್ ಇಂಜಿನಿಯರ್ ಫೆಲಿಪೋ ಇದ್ದರು. ಇದನ್ನು ಶಿಲುಬೆ ಮತ್ತು ಅರ್ಧಚಂದ್ರದ ಯುದ್ಧವೆಂದು ವರ್ಣಿಸುವವರು ಈ ಹೆಸರುಗಳನ್ನು ಎಲ್ಲಿಡುತ್ತಾರೋ ತಿಳಿಯದು!

ಫ್ರೆಂಚರಿಗೆ ಕಾರ್ಮೆಲಿನ ಮಠವೇ ಆಸ್ಪತ್ರೆ. ಗಾಯಾಳುಗಳ ಜೊತೆಗೆ ಪ್ಲೇಗ್ ಪೀಡಿತರೂ ಇದ್ದರು. ಸೈನ್ಯ ಹಿಂದೆ ಸರಿದಾಗ ನಡೆಯಲಾರದವರು ಅಲ್ಲೇ ಉಳಿದರು. ಜಝ್ಝಾರನ ದಂಡು ಬಂದು ಹಾಸಿಗೆ ಹಿಡಿದಿದ್ದ ಅವರನ್ನು ಕೊಂದಿತು. ಮಠಗಳಲ್ಲಿರುವವರ ತಂಟೆಗೆ ಹೋಗಬೇಡಿ ಎಂದು ಸೈನ್ಯಕ್ಕೆ ಆಜ್ಞಾಪಿಸಿದ ಖಲೀಫಾ ಅಬೂಬಕರ್(ರ)ರನ್ನು ನೆನೆಯುವ ನಾವು ಈ ಕೊಲೆಗಳಿಗೆ ಯಾವ ಸಮರ್ಥನೆಯನ್ನೂ ಹುಡುಕಬಾರದು. ಮುಂದೆ ಮರಳಿ ಬಂದ ಸನ್ಯಾಸಿಗಳು ಅವಶೇಷಗಳನ್ನು ಕೂಡಿಸಿ ಮಣ್ಣು ಮಾಡಿದರು.

ಆದರೆ ಈ ಪಿರಮಿಡ್ಡು ಹೇಳದ ಇನ್ನೊಂದು ಸಂಗತಿಯಿದೆ. ಅಕ್ಕಾಕ್ಕೆ ಬರುವ ಮುನ್ನ, ಮಾರ್ಚ್ 7ರಂದು ಇದೇ ಸೈನ್ಯ ಜಾಫಾವನ್ನು ಗೆದ್ದಿತ್ತು. ಅಲ್ಲಿ ಶರಣಾದ ಎರಡು ಸಾವಿರಕ್ಕೂ ಹೆಚ್ಚು ಸೈನಿಕರನ್ನು ನೆಪೋಲಿಯನ್ನನ ಆಜ್ಞೆಯಂತೆ ಕಡಲ ದಂಡೆಗೆ ಒಯ್ದು ಕೊಲ್ಲಲಾಯಿತು. ಎಂಟು ತಿಂಗಳ ಹಿಂದಷ್ಟೇ ಈಜಿಪ್ಟಿನಲ್ಲಿ ಇಳಿದಾಗ ಅವನು ತಾನು ಇಸ್ಲಾಮಿನ ಗೆಳೆಯನೆಂದು ಡಂಗುರ ಹೊಡೆಸಿದ್ದ. ಆ ಘೋಷಣೆಯ ಬೂಟಾಟಿಕೆಯನ್ನು ಕೈರೋದ ಇತಿಹಾಸಕಾರ ಅಲ್-ಜಬರ್ತಿ ಆಗಲೇ ಬಯಲಿಗೆಳೆದಿದ್ದರು.

ಕನ್ನಡಿಗರಾದ ನಮಗೆ ಈ ಬೆಟ್ಟ ಮುಖ್ಯವಾಗುವುದು ಇಲ್ಲಿಯೇ. ಅಕ್ಕಾಕ್ಕೆ ಹೊರಡುವ ಮುನ್ನ, 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಪತ್ರ ಬರೆದಿದ್ದ. ಇಂಗ್ಲಿಷರಿಂದ ಮೈಸೂರನ್ನು ಬಿಡಿಸುವ ಆಸೆಯನ್ನು ಅದರಲ್ಲಿ ತೋಡಿಕೊಂಡಿದ್ದ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಹುತಾತ್ಮನಾದಾಗ ಪತ್ರ ಬರೆದವನು ಅಕ್ಕಾದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ.

ಈ ಪತ್ರ ನಮ್ಮಲ್ಲಿ ಎರಡು ಬಗೆಯ ಭಾಷಣಗಳಿಗೆ ಬಂಡವಾಳವಾಗಿದೆ. ಪರದೇಶದ ಸೈನ್ಯವನ್ನು ಕರೆಸಿದ ದ್ರೋಹಿ ಎಂದು ಒಬ್ಬರು. ನೆಪೋಲಿಯನ್ ಬಂದಿದ್ದರೆ ಇತಿಹಾಸವೇ ಬದಲಾಗುತ್ತಿತ್ತು ಎಂದು, ಹೆಚ್ಚಾಗಿ ನಮ್ಮವರೇ ಆದ ಇನ್ನೊಬ್ಬರು. ಮೊದಲನೆಯವರು ನಿಜಾಮನೂ ಕಂಪೆನಿಯ ಸೈನ್ಯದ ಜೊತೆಗೇ ಶ್ರೀರಂಗಪಟ್ಟಣಕ್ಕೆ ದಂಡು ಕಳಿಸಿದ್ದನ್ನು ಹೇಳುವುದಿಲ್ಲ. ಎರಡನೆಯವರು ಜಾಫಾವನ್ನು ಹೇಳುವುದಿಲ್ಲ. ನಿಜವಾಗಿ ಫ್ರೆಂಚರಿಂದ ಬಂದ ನೆರವೆಷ್ಟು? ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಕಳಿಸಿ, 1798ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಇಳಿದ ಸುಮಾರು ನೂರು ಮಂದಿ. ಅಷ್ಟನ್ನೇ ನೆಪ ಮಾಡಿಕೊಂಡು ವೆಲ್ಲೆಸ್ಲಿ ಯುದ್ಧ ಹೂಡಿದ.

ಇತ್ತ ಇಸ್ತಾಂಬುಲಿನ ಸುಲ್ತಾನ ಮೂರನೇ ಸಲೀಂ ಫ್ರೆಂಚರನ್ನು ನಂಬಬೇಡವೆಂದು ಟಿಪ್ಪುವಿಗೆ ಪತ್ರ ಬರೆದ. ಅದನ್ನು ತಲುಪಿಸಿದವನು ಮತ್ತದೇ ವೆಲ್ಲೆಸ್ಲಿ! ಖಲೀಫನ ಮಾತು ವೈರಿಯ ಅಂಚೆಯಲ್ಲಿ ಬಂದರೆ ಟಿಪ್ಪು ಏನು ಮಾಡಬೇಕಿತ್ತು? ಕಂಪೆನಿಯೇ ದೊಡ್ಡ ಅಪಾಯ ಎಂಬ ಅವನ ಲೆಕ್ಕ ತಪ್ಪಾಗಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕಾಗಿ ನೆಪೋಲಿಯನ್ನನನ್ನು ಸಜ್ಜನನನ್ನಾಗಿ ಮಾಡುವ ಅಗತ್ಯವಿಲ್ಲ.

ಮೈಸೂರಿನ ಸೈನಿಕರು ಈ ಬೆಟ್ಟಕ್ಕೆ ಬಂದದ್ದೂ ಉಂಟು. 119 ವರ್ಷಗಳ ನಂತರ, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲಿನ ಇಳಿಜಾರು ಹತ್ತಿ ತುರ್ಕರ ಫಿರಂಗಿಗಳನ್ನು ಹಿಡಿಯಿತು; ಅಂದೇ ಜೋಧಪುರದ ಸವಾರರು ಕೆಳಗಿನಿಂದ ನಗರಕ್ಕೆ ನುಗ್ಗಿದರು. ಈ ಸಲ ಮೈಸೂರು ಹೋರಾಡಿದ್ದು ಇಂಗ್ಲಿಷರ ಪರ, ಖಲೀಫನ ಸೈನ್ಯದ ವಿರುದ್ಧ. ಆ ಲ್ಯಾನ್ಸರ್ಸ್‌ನವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.